ಮುಚ್ಚಳ ತೆಗೆಯದ ಬಾಟಲಿ

ನಮ್ಮ ಶಾಲೆಯಲ್ಲಿ ದಿನಕ್ಕೆ ಮೂರು ಸಲ ವಾಟರ್ ಬೆಲ್ ಹೊಡೆಯುತ್ತದೆ. ಹನ್ನೊಂದಕ್ಕೊಮ್ಮೆ, ಹನ್ನೆರಡೂವರೆಗೊಮ್ಮೆ, ಎರಡೂವರೆಗೊಮ್ಮೆ. ಬೆಲ್ ಆಯಿತೆಂದರೆ ಮಕ್ಕಳೆಲ್ಲ ಬಾಟಲಿ ಹಿಡಿದು ವರಾಂಡಕ್ಕೆ ಬಂದು ಸಾಲಾಗಿ ನಿಂತು ನೀರು ಕುಡಿಯಬೇಕು. ಕುಡಿದದ್ದು ಮುಗಿಯಿತೆಂದು ಹೊಡೆಯುವ ಎರಡನೇ ಬೆಲ್ ಆಗುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ಬೆಲ್ ಹೊಡೆಯುವವನು ಅಟೆಂಡರ್ ಚೌಡಪ್ಪ, ಹೊಡೆಸುವವಳು ನಾನು.

ದುರ್ಗಿಗುಡಿಯ ಈ ಶಾಲೆಗೆ ನಾನು ಸೇರಿ ಹದಿನಾಲ್ಕು ವರ್ಷವಾಯಿತು. ವಿಜ್ಞಾನದ ಟೀಚರ್. ಸಿಟ್ಟಿನವಳು ಎಂದು ಹೆಸರು, ಅದು ಸುಳ್ಳೂ ಅಲ್ಲ. ಹೆಣ್ಣುಮಕ್ಕಳು ಟಾಯ್ಲೆಟ್ಟಿಗೆ ಹೋಗಲು ನಾಚಿಕೊಂಡು ನೀರೇ ಕುಡಿಯುವುದಿಲ್ಲ ಎಂದು ಗೊತ್ತಾದಾಗ ಹೆಡ್‌ಮಾಸ್ಟರ ಹತ್ತಿರ ಜಗಳವಾಡಿ ಬಾಗಿಲಿಗೆ ಚಿಲಕ ಹಾಕಿಸಿದವಳು ನಾನು. ಮೂತ್ರ ಯಾವ ಬಣ್ಣದಲ್ಲಿದ್ದರೆ ಎಷ್ಟು ನೀರು ಕುಡಿಯಬೇಕು ಎಂದು ಚಾರ್ಟ್ ಬರೆದು ಟಾಯ್ಲೆಟ್ಟಿನ ಗೋಡೆಗೆ ಅಂಟಿಸಿದವಳೂ ನಾನೇ. ಕಳೆದ ವರ್ಷ ಇಲಾಖೆಯಿಂದ ಬಂದ ಅಧಿಕಾರಿಯೊಬ್ಬರು ಅದರ ಫೋಟೋ ತೆಗೆದುಕೊಂಡು ಹೋದರು.

ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಆ ಮಾತಿಗೆ ಉದಾಹರಣೆ ಬೇಕಾದರೆ ನನ್ನನ್ನೇ ತೋರಿಸಬಹುದು. ಅದಕ್ಕೆ ಹೇಳಿದೆ.

ನನ್ನ ಮಗಳು ಅಕ್ಷಯಾ ಇದೇ ಶಾಲೆಯಲ್ಲಿ ಮೂರನೇ ಕ್ಲಾಸು. ನಮ್ಮ ಮನೆ ಇರುವುದು ಭದ್ರಾವತಿಯ ಹಳೇನಗರದಲ್ಲಿ. ಗಂಡ ಹರಿಪ್ರಸಾದ್ ಅಲ್ಲೇ ಒಂದು ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಎಂಟೂ ಕಾಲಿನ ಪ್ರೈವೇಟ್ ಬಸ್ಸಿಗೆ ನಾನೂ ಅಕ್ಷುವೂ ಶಿವಮೊಗ್ಗಕ್ಕೆ ಹೊರಡುತ್ತೇವೆ. ಶಾಲೆಯ ಗೇಟು ದಾಟಿದ ಮೇಲೆ ಅವಳು ನನ್ನನ್ನು ‘ಮಿಸ್’ ಎನ್ನಬೇಕು. ಅದು ನಾನೇ ಮಾಡಿದ ನಿಯಮ. ನಿಯಮ ಮಾಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಎಂಟು ವರ್ಷ ತುಂಬಿದ್ದರೂ ಅಕ್ಷು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದಳು. ವಾರಕ್ಕೆ ನಾಲ್ಕು ದಿನ, ಕೆಲವು ವಾರ ಐದು ದಿನ. ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದರೆ ಅವಳು ಆಗಲೇ ಎದ್ದು ಒದ್ದೆಯಾದ ಜಾಗದ ಮೇಲೆ ಕಾಲು ಮಡಿಸಿ ಕೂತಿರುತ್ತಿದ್ದಳು, ಮುಚ್ಚಿಡುವವಳ ಹಾಗೆ. ನಾನು ಒಂದು ಕೈಯಲ್ಲಿ ಅವಳನ್ನು ಎಬ್ಬಿಸಿ ಇನ್ನೊಂದು ಕೈಯಲ್ಲಿ ಬೆಡ್‌ಶೀಟ್ ಎಳೆಯುತ್ತಿದ್ದೆ. ಹೊಡೆದಿಲ್ಲ. ಆದರೆ ನಾನು ಬಕೆಟ್ ಇಡುವ ಸದ್ದಿನಲ್ಲೇ ಎಲ್ಲ ಇರುತ್ತಿತ್ತು, ಆ ಮಗುವಿಗೆ ಅದು ತಿಳಿಯುತ್ತಿತ್ತು.

ಹಾಸಿಗೆಯನ್ನು ಟೆರೇಸಿನ ಮೇಲೆ ಒಣಹಾಕಿದರೆ ಪಕ್ಕದ ಮನೆಯ ಕಾಳಮ್ಮನಿಗೆ ಕಾಣುತ್ತದೆ. ಒಂದು ದಿನ ಆಕೆ, ದಿನಾ ಹಾಸಿಗೆ ಬಿಸಿಲಿಗೆ ಹಾಕ್ತೀರಲ್ಲ ಮೇಡಂ, ತಿಗಣೆಯಾ ಎಂದು ಕೇಳಿದಳು. ಹೌದು ತಿಗಣೆ, ಏನು ಮಾಡಿದರೂ ಹೋಗುತ್ತಿಲ್ಲ ಎಂದೆ. ಮನೆ ತುಂಬ ತಿಗಣೆ ಇದೆ ಎನ್ನಿಸಿಕೊಳ್ಳುವುದೇ ನನಗೆ ಮೇಲಾಗಿ ಕಂಡಿತು.

ನಮ್ಮತ್ತೆ ಶಾಂತಮ್ಮನವರು ಕೆಟ್ಟವರಲ್ಲ. ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು, ಕೋಟೆ ಮಾರಮ್ಮನಿಗೆ ಮಡಿಲಕ್ಕಿ ಕೊಡುತ್ತೇನೆಂದು ಹರಕೆ ಹೊತ್ತರು. ಯಾವುದೂ ನಾಟದೆ ಒಂದು ದಿನ ನಿಟ್ಟುಸಿರು ಬಿಟ್ಟು, “ಕುಡಿದಿದ್ದೇ ತಾನೇ ಬರೋದು ಸರಸ್ವತಿ? ಕುಡಿಯೋದು ಕಮ್ಮಿ ಮಾಡ್ಸು, ತಾನಾಗೇ ನಿಲ್ಲುತ್ತೆ” ಎಂದರು.

ಅವರು ಓದಿದವರಲ್ಲ, ಹೇಳಿದರು. ಓದಿದ ನಾನು ಅದನ್ನು ಒಪ್ಪಿಕೊಂಡೆ. ಆಗ ಅಕ್ಷುಗೆ ಶಾಲೆಯಲ್ಲಿ ಗಡಿಯಾರ ನೋಡುವುದನ್ನು ಕಲಿಸುತ್ತಿದ್ದರು. ನಾನು ಅವಳನ್ನು ನಡುಮನೆಯ ಗಡಿಯಾರದ ಮುಂದೆ ನಿಲ್ಲಿಸಿ, ಸಣ್ಣ ಮುಳ್ಳು ಎಂಟಕ್ಕೆ ಬಂದ ಮೇಲೆ ನೀರು ಬಂದ್ ಎಂದು ಹೇಳಿದೆ. ಒಂದು ವಾರ ನೋಡಿದೆ, ಹಾಸಿಗೆ ಒಣಗಿರಲಿಲ್ಲ. ಮುಳ್ಳನ್ನು ಆರಕ್ಕೆ ತಂದೆ. ಆಗಲೂ ಇಲ್ಲ. ನಾಲ್ಕಕ್ಕೆ ತಂದೆ. ಆಮೇಲೆ ಮಧ್ಯಾಹ್ನ ಊಟವಾದ ಮೇಲೆ ನೀರೇ ಬೇಡ ಎಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬರೆ ಕೆಲಸ ಮಾಡಲಿಲ್ಲ ಎಂದು ಇನ್ನೊಂದು ಹಾಕಿದೆ. ನನ್ನ ಮಗಳು ಟೈಮ್ ನೋಡಲು ಕಲಿತದ್ದು ಹೀಗೆ, ಕ್ಲಾಸಿಗೆಲ್ಲ ಮೊದಲು.

ಇನ್ನೊಂದು ವಿಷಯ ಹೇಳಿಬಿಡಬೇಕು. ಸಂಜೆ ಬಸ್ಸಿಳಿದು ಬಂದ ಕೂಡಲೇ ಅತ್ತೆ ಅವಳಿಗೆ ಅರ್ಧ ಲೋಟ ಕಾಫಿ ಕೊಡುತ್ತಿದ್ದರು. ಐದು ವರ್ಷದವಳಿದ್ದಾಗಿನಿಂದ ಅಭ್ಯಾಸ. ಅದನ್ನು ನಿಲ್ಲಿಸಬೇಕೆಂದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ನಮ್ಮ ಮನೆಗಳಲ್ಲಿ ಕಾಫಿ ಕುಡಿಯುವುದನ್ನು ನೀರು ಕುಡಿಯುವುದು ಅಂತ ಯಾರು ಲೆಕ್ಕ ಹಿಡಿಯುತ್ತಾರೆ?

ಫೆಬ್ರವರಿಯಲ್ಲಿ ನನ್ನ ನಾದಿನಿ ಪೂಜಿತಾಳ ಮದುವೆ ಗೊತ್ತಾಯಿತು. ಶಿವಮೊಗ್ಗದಲ್ಲಿ, ಕೋಟೆ ರಸ್ತೆಯ ಒಂದು ಛತ್ರದಲ್ಲಿ. ಹಿಂದಿನ ದಿನ ದೇವರೂಟ, ವರಪೂಜೆ. ಅವತ್ತು ರಾತ್ರಿ ಹೆಣ್ಣಿನ ಕಡೆಯವರೆಲ್ಲ ಛತ್ರದಲ್ಲೇ ಮಲಗುವುದು. ಹೊಳೆಹೊನ್ನೂರಿನಿಂದ ಅತ್ತಿಗೆಯ, ಅಂದರೆ ಗಂಡನ ಅಕ್ಕನ, ಮಕ್ಕಳು ಬರುತ್ತಾರೆ, ಇನ್ನೂ ಏಳೆಂಟು ಮಕ್ಕಳು ಸೇರುತ್ತವೆ. ಮೇಲಿನ ಹಾಲಿನಲ್ಲಿ ಉದ್ದಕ್ಕೂ ಜಮಖಾನ ಹಾಸಿ ಮಕ್ಕಳನ್ನೆಲ್ಲ ಒಟ್ಟಿಗೆ ಮಲಗಿಸುತ್ತಾರೆ. ಅಕ್ಷುಗೆ ಮದುವೆಯಲ್ಲಿ ಬೇಕಾಗಿದ್ದುದು ಅದೊಂದೇ. ಹೊಸ ಲಂಗ ತೋರಿಸಿದರೂ ನೋಡಲಿಲ್ಲ. ಅವರ ಮಧ್ಯೆ ಮಲಗಬೇಕು, ಅಂಚಿನಲ್ಲಲ್ಲ, ಮಧ್ಯೆ.

ನೆಂಟರಿಷ್ಟರೆಲ್ಲ ಎದ್ದು ಓಡಾಡುವ ಹೊತ್ತಿಗೆ ಜಮಖಾನದ ನಡುವೆ ಟೀಚರ್ ಮಗಳು ಒದ್ದೆಯಲ್ಲಿ ಕೂತಿರುವುದು ನನ್ನ ಕಣ್ಣಿಗೆ ಕಟ್ಟಿತು. ಮದುವೆಗೆ ಎರಡು ವಾರ ಇರುವಾಗ ಅವಳನ್ನು ಕೂರಿಸಿಕೊಂಡು ಹೇಳಿದೆ: ಮದುವೆಯೊಳಗೆ ಸತತವಾಗಿ ಏಳು ದಿನ ಹಾಸಿಗೆ ಒಣಗಿದ್ದರೆ ಅವರ ಮಧ್ಯೆ ಮಲಗಬಹುದು. ಇಲ್ಲದಿದ್ದರೆ ಅವತ್ತು ರಾತ್ರಿ ನಾನು ಅವಳನ್ನು ಭದ್ರಾವತಿಗೆ ವಾಪಸ್ ಕರೆದುಕೊಂಡು ಬಂದು ಬೆಳಿಗ್ಗೆ ಮತ್ತೆ ಹೊರಡಿಸುತ್ತೇನೆ. ಅವಳು ಸುಮ್ಮನೆ ತಲೆಯಾಡಿಸಿದಳು.

ಎರಡು ದಿನ ಕಳೆದು ಎರಡೂವರೆಯ ಬೆಲ್ಲಿಗೆ ನಾನು ಎಂದಿನಂತೆ ವರಾಂಡದಲ್ಲಿ ನಿಂತಿದ್ದೆ. ಮೂರನೇ ಕ್ಲಾಸಿನ ಸಾಲಿನಲ್ಲಿ ಅಕ್ಷು ತಲೆ ಹಿಂದಕ್ಕೆ ಮಾಡಿ ಬಾಟಲಿ ಎತ್ತಿ ಕುಡಿಯುತ್ತಿದ್ದಳು. ಗಂಟಲೂ ಅಲ್ಲಾಡುತ್ತಿತ್ತು. ಆದರೆ ಬಾಟಲಿಯ ನೀರು ಇಳಿಯುತ್ತಿರಲಿಲ್ಲ. ಎರಡು ಹೆಜ್ಜೆ ಹತ್ತಿರ ಹೋಗಿ ನೋಡಿದೆ. ಮುಚ್ಚಳ ಹಾಕಿದ ಹಾಗೇ ಇತ್ತು.

ಮೂರನೇ ಕ್ಲಾಸಿನ ಬೇರೆ ಯಾವ ಮಗು ಹಾಗೆ ಮಾಡಿದ್ದರೂ ನಾನು ಕಿವಿ ಹಿಂಡಿ ಮುಚ್ಚಳ ತೆಗೆಸುತ್ತಿದ್ದೆ. ಅವಳ ಅಪ್ಪ ಅಮ್ಮನನ್ನು ಕರೆಸಿ ಅರ್ಧ ಗಂಟೆ ಪಾಠ ಹೇಳುತ್ತಿದ್ದೆ. ನನ್ನ ಮಗಳನ್ನು ನೋಡಿ ನನಗೆ ಖುಷಿಯಾಯಿತು. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ಜಾಣೆ, ತನ್ನ ಹಟಕ್ಕೆ ತಾನೇ ದಾರಿ ಹುಡುಕಿಕೊಂಡಳು ಅಂದುಕೊಂಡೆ. ಎರಡನೇ ಬೆಲ್ ಹೊಡೆಯಲು ಚೌಡಪ್ಪನಿಗೆ ಕೈ ತೋರಿಸಿ ಕ್ಲಾಸಿಗೆ ಹೋದೆ. ಅವತ್ತು ಐದನೇ ಕ್ಲಾಸಿನಲ್ಲಿ ನನ್ನ ಪಾಠ ನಮ್ಮ ದೇಹದಲ್ಲಿ ನೀರು ಮಾಡುವ ಕೆಲಸ.

ಆ ದಿನಗಳಲ್ಲೇ ಅಕ್ಷುಗೆ ಸಂಜೆ ಸ್ನಾನದ ಹುಚ್ಚು ಹಿಡಿದಿತ್ತು. ಆರೂವರೆ ಆಗುತ್ತಿದ್ದಂತೆ ಟವೆಲ್ ಹಿಡಿದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕಾಲು ಗಂಟೆ ಕೂರುತ್ತಿದ್ದಳು. ಯಾರೂ ಹೇಳದೆಯೇ ಮಗು ಶುಚಿ ಕಲಿಯಿತು ಎಂದು ಅತ್ತೆ ಹಿಗ್ಗಿದರು, ನಾನೂ ಹಿಗ್ಗಿದೆ. ಹಾಸಿಗೆ ಮಾತ್ರ ದಿನವೂ ಒದ್ದೆಯೇ. ವಾರಕ್ಕೆ ನಾಲ್ಕು ದಿನ ಇದ್ದದ್ದು ಏಳೂ ದಿನ ಆಯಿತು. ಬೆಳಿಗ್ಗೆ ನಾನು ಬಾಯಿ ಬಿಡುವ ಮೊದಲೇ ಅವಳು, ನಾಳೆಯಿಂದ ಏಳು ದಿನ ಎಣಿಸು ಎನ್ನುತ್ತಿದ್ದಳು. ಮದುವೆಗೆ ಏಳು ದಿನವೇ ಉಳಿದಿಲ್ಲ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ.

ಮದುವೆಗೆ ಆರು ದಿನ ಇರುವಾಗ ಸಂಜೆ ಬಸ್ಸಿನಲ್ಲಿ ಅವಳು ಸೀಟಿನಲ್ಲಿ ಕೂರಲಾರದೆ ಎದ್ದು ನಿಂತಳು. ಹಣೆ ಮುಟ್ಟಿದೆ, ಸುಡುತ್ತಿತ್ತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ದಿನವೂ ಜೊತೆಗೇ ಬರುವ ಮಗು, ಆ ತುಟಿ ಅವತ್ತೇ ಒಣಗಿದ್ದಲ್ಲ. ಬಸ್ಸಿಳಿಯುವಾಗ ನನ್ನ ಸೆರಗು ಹಿಡಿದು, “ಅಮ್ಮ, ಒಂದಕ್ಕೆ ಹೋದ್ರೆ ಉರಿಯುತ್ತೆ” ಎಂದಳು. ಎಷ್ಟು ದಿನದಿಂದ ಎಂದು ಕೇಳಿದೆ. ಮೂರು ದಿನದಿಂದ ಎಂದಳು.

ಗಂಡನಿಗೆ ಫೋನ್ ಮಾಡಿ ಅಂಗಡಿ ಮುಚ್ಚಿಸಿದೆ. ಮೂವರೂ ಮಕ್ಕಳ ಡಾಕ್ಟರು ರೇಣುಕಾಪ್ರಸಾದರ ಕ್ಲಿನಿಕ್ಕಿಗೆ ಹೋದೆವು. ವಯಸ್ಸಾದವರು, ಅವಸರ ಮಾಡುವವರಲ್ಲ. ಮೂತ್ರ ಪರೀಕ್ಷೆಯ ಚೀಟಿ ನೋಡಿ, ಸೋಂಕಾಗಿದೆ, ಔಷಧಿಗೆ ವಾಸಿಯಾಗುತ್ತೆ, ಆದರೆ ಮಗುವಿನ ಮೈಯಲ್ಲಿ ನೀರೇ ಇಲ್ಲವಲ್ಲ ಎಂದರು. ದಿನಕ್ಕೆ ಎಷ್ಟು ಕುಡಿಯುತ್ತಾಳೆ ಎಂದು ನನ್ನನ್ನು ಕೇಳಿದರು. ಸಾಕಷ್ಟು ಕುಡಿಯುತ್ತಾಳೆ ಎಂದೆ. ಅವರು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು.

“ನೀನು ಹೇಳಮ್ಮ, ನೀರು ಯಾವಾಗ ಕುಡೀತೀಯ?”

ಅಕ್ಷು ಮೊದಲು ಗೋಡೆಯ ಗಡಿಯಾರ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿಕೊಂಡು ಹೇಳಿದಳು:

“ಸ್ನಾನ ಮಾಡುವಾಗ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಬಚ್ಚಲಿನ ಬಕೆಟ್ಟಿನಲ್ಲಿ ಇರುವುದು ಬೋರಿನ ನೀರು. ಗಡಸು, ಬಟ್ಟೆಗೆ ಹಾಕಿದರೆ ಸೋಪು ನೊರೆಯೂ ಬಿಡುವುದಿಲ್ಲ. ಅದನ್ನು ನನ್ನ ಮಗಳು ಬಾಗಿಲು ಹಾಕಿಕೊಂಡು, ಸ್ನಾನದ ಮಗ್ಗಿನಲ್ಲಿ ಮೊಗೆದು ಮೊಗೆದು ಕುಡಿಯುತ್ತಿದ್ದಳು. ಕಾಲು ಗಂಟೆ. ನಾನು ಹೊರಗೆ ಕೂತು ಶುಚಿ ಕಲಿತಳು ಎಂದು ಹಿಗ್ಗುತ್ತಿದ್ದೆ. ಆ ಕ್ಲಿನಿಕ್ಕಿನ ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಎಂಟು ಗಂಟೆ, ಆರು ಗಂಟೆ, ನಾಲ್ಕು ಗಂಟೆ ಎಲ್ಲವನ್ನೂ ಹೇಳಬೇಕಾಯಿತು. ಹರಿಪ್ರಸಾದ್‌ಗೂ ಅದು ಪೂರ್ತಿ ಗೊತ್ತಿರಲಿಲ್ಲ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ವಾಪಸ್ ಏನಾದರೂ ಅನ್ನಬಹುದಿತ್ತು.

“ಬೆಳಿಗ್ಗೆಯಿಂದ ಗದ್ದೆ ಒಣಗಿಸಿ ಸಂಜೆ ತೂಬು ತೆಗೆದಂಗಾಗಿದೆ ನೋಡಿ. ರಾತ್ರಿ ನೀರು ನಿಲ್ಲದೆ ಇನ್ನೆಲ್ಲಿಗೆ ಹೋಗ್ಬೇಕು?” ಎಂದರು. “ಹಗಲು ಹೊಟ್ಟೆ ತುಂಬ ಕುಡಿದ್ರೆ ಸಂಜೆ ಬಾಯಾರಿಕೆನೇ ಇರಲ್ಲ. ನೀವು ತಿರುಗಾಮುರುಗಾ ಮಾಡಿದ್ದೀರಿ.”

ಆಮೇಲೆ ನಿಧಾನವಾಗಿ ಹೇಳಿದರು. ಎದ್ದ ಕೂಡಲೇ ಒಂದು ಲೋಟ ನೀರು. ಶಾಲೆಯಲ್ಲಿ ಮೂರು ಸಲ, ಊಟದ ಜೊತೆ, ಸಂಜೆ ಮನೆಗೆ ಬಂದ ಮೇಲೆ ಇನ್ನೊಂದು ಲೋಟ. ರಾತ್ರಿ ಊಟದ ಹೊತ್ತಿಗೆ ಸ್ವಲ್ಪ ಸಾಕು, ಮಲಗುವ ಮುಂಚಿನ ಒಂದು ಗಂಟೆ ಬೇಡ. ಆದರೆ ಬಾಯಾರಿತು ಎಂದು ಕೇಳಿದರೆ ಯಾವ ಹೊತ್ತಿನಲ್ಲೂ ಇಲ್ಲ ಅನ್ನಬಾರದು, ನಾಲ್ಕು ಗುಟುಕು ಕೊಡಬೇಕು. ಹಗಲು ಎರಡು ಎರಡೂವರೆ ಗಂಟೆಗೊಮ್ಮೆ ಟಾಯ್ಲೆಟ್ಟಿಗೆ ಹೋಗಬೇಕು, ಮಲಗುವ ಮುಂಚೆ ಇನ್ನೊಂದು ಸಲ. ಕಾಫಿ, ಟೀ, ಬಾಟಲಿಯ ಕಪ್ಪು ಪಾನಕ ಯಾವುದೂ ಬೇಡ, ಅವು ಮೂತ್ರಕೋಶವನ್ನು ಕೆರಳಿಸುತ್ತವೆ. ಕಾಫಿಯ ವಿಷಯ ಬಂದಾಗ ನಾನು ಬಾಯಿ ಬಿಡಲಿಲ್ಲ, ಅಕ್ಷುವೇ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಇಷ್ಟು ಮಾಡಿದರೂ ನಾಳೆಯೇ ನಿಲ್ಲುತ್ತದೆ ಅಂದುಕೊಳ್ಳಬೇಡಿ ಎಂದೂ ಹೇಳಿದರು. ಇದು ಸೋಮಾರಿತನವಲ್ಲ, ಹಟವಲ್ಲ, ನಿದ್ದೆಯಲ್ಲಿ ಆಗುವುದು ಮಗುವಿನ ಕೈಯಲ್ಲಿಲ್ಲ. ಕೆಲವು ಮಕ್ಕಳ ಮೈ ನಿಧಾನವಾಗಿ ಕಲಿಯುತ್ತದೆ. ಆರು ತಿಂಗಳು ನೋಡೋಣ, ಬೇಕಾದರೆ ಬೇರೆ ದಾರಿ ಇದೆ. ಚೀಟಿ ಬರೆಯುತ್ತ, “ಶಾಲೇಲಿ ಈಗ ವಾಟರ್ ಬೆಲ್ ಅಂತ ಮಾಡ್ತಾರಂತಲ್ಲ. ಅದರ ಟೀಚರ್‌ಗೆ ಸ್ವಲ್ಪ ಹೇಳಿ, ಇವಳ ಮೇಲೆ ಕಣ್ಣಿಟ್ಟಿರಲಿ” ಎಂದರು.

“ಇವಳೇ ಸಾರ್ ಆ ಟೀಚರ್” ಎಂದರು ಹರಿಪ್ರಸಾದ್.

ಡಾಕ್ಟರ ಪೆನ್ನು ನಿಂತಿತು. ಚೀಟಿಯನ್ನು ಪಕ್ಕಕ್ಕಿಟ್ಟು, ನಿಮ್ಮಿಬ್ಬರಲ್ಲಿ ಯಾರಿಗಾದರೂ ಚಿಕ್ಕವರಿದ್ದಾಗ ಇದು ಇತ್ತಾ, ಸಾಮಾನ್ಯವಾಗಿ ಮನೆತನದಲ್ಲಿ ಬರುತ್ತೆ ಎಂದು ಕೇಳಿದರು. ನನ್ನ ಗಂಡ ಇಲ್ಲ ಎಂದರು. ನಾನೂ ಇಲ್ಲ ಎಂದೆ.

ಅದು ಸುಳ್ಳು. ನಾನು ಏಳನೇ ಕ್ಲಾಸಿನವರೆಗೂ ಹಾಸಿಗೆ ಒದ್ದೆ ಮಾಡುತ್ತಿದ್ದೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ಗಂಡನಿಗೆ ಹೇಳಿರಲಿಲ್ಲ. ನನ್ನಮ್ಮನಿಗೆ ಒಬ್ಬಳಿಗೇ ಗೊತ್ತಿತ್ತು, ಅವಳು ತೀರಿಕೊಂಡು ಮೂರು ವರ್ಷವಾಯಿತು. ಗುಟ್ಟು ಅವಳ ಜೊತೆಗೇ ಹೋಯಿತು ಎಂದು ನಿಶ್ಚಿಂತಳಾಗಿದ್ದೆ. ಅಕ್ಷು ಹಾಸಿಗೆ ಒದ್ದೆ ಮಾಡಿದಾಗಲೆಲ್ಲ ಆ ಗುಟ್ಟು ಅವಳ ಮೂಲಕ ಹೊರಗೆ ಬಂದು ಎಲ್ಲರ ಮುಂದೆ ನಿಂತ ಹಾಗೆ ಅನ್ನಿಸುತ್ತಿತ್ತು. ನನ್ನ ಸಿಟ್ಟೆಲ್ಲ ಅಲ್ಲಿಯದು.

ಜ್ವರ ಎರಡು ದಿನಕ್ಕೆ ಇಳಿಯಿತು. ಅತ್ತೆ ಕಾಫಿ ನಿಲ್ಲಿಸಿದರು. ಮಗುವಿಗೆ ನಾನೇ ವಿಷ ಹಾಕಿದೆನಲ್ಲ ಎಂದು ಅತ್ತರು, ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಕಾಯಿತು. ನಾನು ಅಕ್ಷುಗೆ, ಇನ್ನು ಮುಳ್ಳು ನೋಡುವುದು ಬೇಡ, ಬೇಕಾದಷ್ಟು ಕುಡಿ ಎಂದು ಹೇಳಿ ಲೋಟ ಕೊಟ್ಟೆ. ಔಷಧಿಯ ಜೊತೆಗೆ ಅಜ್ಜಿ ಹಿಡಿದಾಗ ಕುಡಿದಳು. ನಾನು ಕೊಟ್ಟಾಗ ಎರಡು ಗುಟುಕು ಕುಡಿದು ಸಾಕು ಎಂದಳು. ಹುಷಾರಿಲ್ಲದ ಬಾಯಿ, ರುಚಿಸುತ್ತಿಲ್ಲ ಅಂದುಕೊಂಡೆ.

ನಾಲ್ಕನೇ ದಿನ ಇಬ್ಬರೂ ಶಾಲೆಗೆ ಹೋದೆವು. ಮದುವೆಗೆ ಎರಡು ದಿನ ಬಾಕಿ ಇತ್ತು. ಹನ್ನೊಂದರ ಬೆಲ್ ಆಯಿತು. ಮಕ್ಕಳು ಸಾಲಾಗಿ ನಿಂತರು. ನಾನು ನೇರ ಮೂರನೇ ಕ್ಲಾಸಿನ ಸಾಲಿಗೆ ಹೋದೆ. ಅಕ್ಷು ತಲೆ ಹಿಂದಕ್ಕೆ ಮಾಡಿ ಬಾಟಲಿ ಎತ್ತಿದ್ದಳು, ಗಂಟಲು ಅಲ್ಲಾಡುತ್ತಿತ್ತು, ಮುಚ್ಚಳ ಹಾಕಿದ ಹಾಗೇ ಇತ್ತು.

ಅವಳ ಕೈ ಹಿಡಿದು ಸಾಲಿನಿಂದ ಆಚೆ, ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. ಏನೋ ತಪ್ಪು ಸಿಕ್ಕಿಬಿತ್ತು ಎಂದು ಅವಳ ಮುಖ ಬಿಳಿಚಿತು. ಯಾಕಮ್ಮ ಕುಡಿಯಲಿಲ್ಲ, ಬೇಕಾದಷ್ಟು ಕುಡಿ ಅಂದಿರಲಿಲ್ಲವಾ ಎಂದು ಕೇಳಿದೆ. ಅವಳು ಅತ್ತ ಇತ್ತ ನೋಡಿ ಪಿಸುಗುಟ್ಟಿದಳು.

“ಇನ್ನು ಎರಡೇ ದಿನ ಮಿಸ್. ಮದುವೆ ಆದ್ಮೇಲೆ ಕುಡೀತೀನಿ.”

ಮದುವೆಯಲ್ಲಿ ಅವರ ಮಧ್ಯೆಯೇ ಮಲಗು, ಏಳು ದಿನ ಗೀಳು ದಿನ ಏನೂ ಇಲ್ಲ ಎಂದೆ. ಒದ್ದೆ ಆದರೂ ಮಲಗಬಹುದಾ ಎಂದು ಕೇಳಿದಳು. ಆದರೂ ಮಲಗು ಎಂದೆ. ಅವಳು ತಲೆಯಾಡಿಸಿದಳು, ಆದರೆ ಮುಚ್ಚಳಕ್ಕೆ ಕೈ ಹಾಕಲಿಲ್ಲ. ನಂಬಿರಲಿಲ್ಲ. ಯಾಕಾದರೂ ನಂಬಬೇಕು? ಎಂಟು ಎಂದವಳು ಆರು ಎಂದಿದ್ದೆ, ಆರು ಎಂದವಳು ನಾಲ್ಕು ಎಂದಿದ್ದೆ. ನಾನು ಕುಡಿ ಅಂದರೂ ಅದು ಒಂದು ಪರೀಕ್ಷೆಯೇ ಇರಬೇಕು, ಕುಡಿದರೆ ಫೇಲು ಎಂದು ಆ ಮಗು ಲೆಕ್ಕ ಹಾಕಿತ್ತು. ಮುನ್ನೂರು ಮಕ್ಕಳಿಗೆ ನೀರು ಕುಡಿಸುವ ನನಗೆ ನನ್ನ ಮಗಳಿಗೆ ಒಂದು ಗುಟುಕು ಕುಡಿಸಲು ಆಗುತ್ತಿರಲಿಲ್ಲ.

ಚೌಡಪ್ಪ ಎರಡನೇ ಬೆಲ್ಲಿಗೆ ಸುತ್ತಿಗೆ ಹಿಡಿದು ನನ್ನ ಕಡೆಯೇ ನೋಡುತ್ತಿದ್ದ. ನಿಲ್ಲು ಎಂದು ಕೈ ತೋರಿಸಿದೆ. ಮೆಟ್ಟಿಲ ಮೇಲೆ ಕೂತು ಅವಳನ್ನೂ ಕೂರಿಸಿಕೊಂಡೆ.

“ಅಕ್ಷು, ನಾನೂ ಹಾಸಿಗೆ ಒದ್ದೆ ಮಾಡ್ತಿದ್ದೆ. ನಿನ್ನ ಹಂಗೇ. ಏಳನೇ ಕ್ಲಾಸಿನ ತನಕ.”

ಅವಳು ನನ್ನನ್ನು ನೋಡಿದಳು. ಸುಳ್ಳು ಹೇಳುತ್ತಿದ್ದೇನೆಯೋ ಎಂದು ನೋಡಿದ್ದಲ್ಲ. ನನ್ನ ಸೀರೆ, ಕೊರಳಲ್ಲಿನ ಐಡಿ ಕಾರ್ಡು, ಕೈಯಲ್ಲಿನ ಹಾಜರಿ ಪುಸ್ತಕ ಎಲ್ಲವನ್ನೂ ನೋಡಿದಳು. ದೊಡ್ಡವಳಾದಳಲ್ಲ ಇವಳು, ಏನೂ ಆಗಲಿಲ್ಲವಲ್ಲ ಎಂಬಂತೆ. ಮುಖದ ಬಿಗಿ ಸಡಿಲವಾಯಿತು. ನನಗೂ ಹಗುರವೆನಿಸಿತು, ಇಷ್ಟು ಸುಲಭವಿತ್ತಾ ಅಂದುಕೊಂಡೆ. ಆಗ ಅವಳು ಕೇಳಿದಳು, ಮಿಸ್ ಎನ್ನುವುದನ್ನೂ ಮರೆತು:

“ಹಂಗಾದ್ರೆ ಕೋಟೆ ಅಜ್ಜಿ ನಿಂಗೂ ನೀರು ಕೊಡ್ತಿರ್ಲಿಲ್ವಾ ಅಮ್ಮ?”

ಕೋಟೆ ಅಜ್ಜಿ ಎಂದರೆ ನನ್ನಮ್ಮ ಶಕುಂತಲಮ್ಮ. ಕೋಟೆಯ ಹಳೆ ವಠಾರದಲ್ಲಿ ಒಂದೇ ಕೋಣೆಯಲ್ಲಿ ನಾವು ಐದು ಜನ ಮಲಗುತ್ತಿದ್ದೆವು. ಅಮ್ಮ ತನ್ನ ಹಳೆ ಸೀರೆಗಳನ್ನು ಮಡಿಸಿ ಹೊಲಿದು ನನಗೊಂದು ಪುಟ್ಟ ಹಾಸಿಗೆ ಮಾಡಿದ್ದಳು, ತನ್ನ ಪಕ್ಕಕ್ಕೇ ಹಾಸುತ್ತಿದ್ದಳು. ಬೆಳಿಗ್ಗೆ ಅಣ್ಣಂದಿರು ಏಳುವ ಹೊತ್ತಿಗೆ ಅದು ಒಗೆದು ಹಗ್ಗದ ಮೇಲಿರುತ್ತಿತ್ತು, ನನ್ನ ಮೈಮೇಲೆ ಒಣ ಲಂಗ ಇರುತ್ತಿತ್ತು. ಒಂದು ದಿನವೂ ಒಂದು ಮಾತು ಆಡಲಿಲ್ಲ. ಅಡುಗೆ ಒಲೆಯ ಪಕ್ಕ ಮಣ್ಣಿನ ಹೂಜಿ ಇತ್ತು, ಅದರ ಮೇಲೆ ಲೋಟ ಕವುಚಿರುತ್ತಿತ್ತು. ಯಾರು ಯಾವಾಗ ಬೇಕಾದರೂ ಕುಡಿಯಬಹುದಿತ್ತು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು.

ಇಲ್ಲ, ನನಗೂ ಕೊಡುತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಅಜ್ಜಿ ಬದುಕಿಲ್ಲ, ಸಾಕ್ಷಿ ಹೇಳುವವರಿಲ್ಲ. ನಾನು ಅನುಭವಿಸಿದ್ದನ್ನೇ ನೀನೂ ಅನುಭವಿಸಿದೆ ಎಂದು ಮಗಳ ತಲೆ ಸವರಿ ಎದ್ದು ಹೋಗಬಹುದಿತ್ತು. ಒಂದು ಕ್ಷಣ ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

“ಕೊಡ್ತಿದ್ರು” ಎಂದೆ.

ಮತ್ತೆ ನನಗೆ ಯಾಕೆ ಕೊಡಲಿಲ್ಲ ಎಂದು ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ. ಸೆರಗಿನಿಂದ ಎಷ್ಟು ಒರೆಸಿಕೊಂಡರೂ ನನ್ನ ಕಣ್ಣು ನಿಲ್ಲಲಿಲ್ಲ. ಇಡೀ ಶಾಲೆ ನೋಡುತ್ತಿತ್ತು, ನೋಡಲಿ ಎನಿಸಿತು. “ತಪ್ಪಾಯ್ತು ಮಗಳೇ” ಎಂದೆ. ಮಕ್ಕಳಿಂದ ದಿನಕ್ಕೆ ಹತ್ತು ಸಲ ಹೇಳಿಸುವ ಮಾತನ್ನು ನಾನು ಒಂದು ಮಗುವಿಗೆ ಹೇಳಿದ್ದು ಅದೇ ಮೊದಲು.

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದಳು. ಮೊದಲು ನನ್ನ ಕಡೆ ಹಿಡಿದಳು. ನಾನು ಕುಡಿದೆ. ಆಮೇಲೆ ಅವಳು ಕುಡಿದಳು, ಮೊದಲು ಒಂದು ಗುಟುಕು, ನನ್ನ ಮುಖ ನೋಡಿ ಇನ್ನೊಂದು, ಆಮೇಲೆ ನೋಡದೆ ಅರ್ಧ ಬಾಟಲಿ. ಚೌಡಪ್ಪ ಅವಳು ಮುಚ್ಚಳ ಹಾಕುವವರೆಗೂ ಬೆಲ್ ಹೊಡೆಯಲಿಲ್ಲ.

ಅವತ್ತು ಸಂಜೆಯೇ ಹರಿಪ್ರಸಾದ್‌ಗೂ ಅತ್ತೆಗೂ ನನ್ನ ವಿಷಯ ಹೇಳಿದೆ. ಹರಿಪ್ರಸಾದ್, ಡಾಕ್ಟರ ಹತ್ತಿರವೂ ಸುಳ್ಳು ಹೇಳಿದೆಯಲ್ಲ ಮಾರಾಯ್ತಿ ಎಂದಷ್ಟೇ ಅಂದರು. ಆ ಮಾತಿನಲ್ಲಿ ನಗು ಇರಲಿಲ್ಲ. ಅವರಿಗೆ ಇನ್ನೂ ಅದು ಪೂರ್ತಿ ಹೊಟ್ಟೆಗೆ ಹೋಗಿಲ್ಲ ಎಂದು ನನಗೆ ಗೊತ್ತು.

ಮದುವೆಯ ಹಿಂದಿನ ರಾತ್ರಿ ಛತ್ರದ ಹಾಲಿನಲ್ಲಿ ಜಮಖಾನದ ಮಧ್ಯೆ ಒಂದು ರಬ್ಬರ್ ಶೀಟ್ ಹಾಸಿದೆ, ಅದರ ಮೇಲೆ ಒಂದು ಹಳೆ ಸೀರೆ ಮಡಿಸಿ ಹಾಕಿದೆ. ಹನ್ನೊಂದು ಮಕ್ಕಳು ಮಲಗಿದವು. ಅಕ್ಷು ಮಧ್ಯೆ. ನಾನು ಗೋಡೆಗೊರಗಿ ಅಲ್ಲೇ ತೂಕಡಿಸಿದೆ.

ಬೆಳಗಿನ ಜಾವ ಕೆಳಗೆ ವಾದ್ಯದವರು ಶ್ರುತಿ ಹಿಡಿಯುವ ಸದ್ದಿಗೆ ಹೆಂಗಸರೆಲ್ಲ ಎದ್ದು ಓಡಾಡತೊಡಗಿದರು. ಹೊಳೆಹೊನ್ನೂರಿನ ಅತ್ತಿಗೆ ಮಕ್ಕಳನ್ನು ಎಬ್ಬಿಸಲು ಬಂದರು. ಅಕ್ಷು ಆಗಲೇ ಎದ್ದಿದ್ದಳು. ಒದ್ದೆಯ ಮೇಲೆ ಕಾಲು ಮಡಿಸಿ ಕೂತಿರಲಿಲ್ಲ. ಮಲಗಿದ್ದ ಮಕ್ಕಳ ಕಾಲು ದಾಟಿಕೊಂಡು, ಹಿಂದೆ ಅಂಟಿದ ಲಂಗವನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು, ಅಷ್ಟು ಜನರ ನಡುವೆ ನನ್ನ ಹತ್ತಿರ ಬಂದಳು. ಎಂದಿನ ದನಿಯಲ್ಲೇ ಮಾತಾಡಿದಳು.

“ಅಮ್ಮ, ಒದ್ದೆ ಆಗಿದೆ. ಬಾಯಾರಿದೆ, ನೀರು ಕೊಡು.”

ಅತ್ತಿಗೆ ನಿಂತು ನೋಡಿದರು, ಅತ್ತೆಯೂ ನೋಡಿದರು. ನಾನು ಎದ್ದು ಲೋಟದ ತುಂಬ ನೀರು ಬಗ್ಗಿಸಿ ಕೊಟ್ಟೆ.